ನಂದಿ ಬೆಟ್ಟದ ಬುಡದ ಊರುಗಳು

ಬೆಂಗಳೂರಿನವರಿಗೆ ನಂದಿ ಬೆಟ್ಟ ಅಂದರೆ ಬೆಳಗಿನ ಜಾವದ ಮೋಡ. ನಡುರಾತ್ರಿ ಕಳೆಯುತ್ತಿದ್ದಂತೆ ಎದ್ದು ಹೊರಡುತ್ತಾರೆ. ಗೇಟು ತೆಗೆಯುವವರೆಗೆ ಬುಡದಲ್ಲಿ ಕಾರುಗಳ ಸಾಲು. ಮೇಲೆ ಹೋಗಿ ಸೂರ್ಯ ಹುಟ್ಟುವುದನ್ನು ನೋಡಿ, ಫೋಟೋ ತೆಗೆದುಕೊಂಡು, ಏನಾದರೂ ಬಿಸಿಯಾಗಿ ತಿಂದು, ಹತ್ತು ಗಂಟೆಗೆಲ್ಲ ವಾಪಸ್ ಹೈವೇ. ಈಚೆಗೆ ಇನ್ನೊಂದು ಗುಂಪು ಸೇರಿಕೊಂಡಿದೆ. ಅವರು ವೈನ್ ಟೂರ್‌ಗೆ ಬರುವವರು. ದ್ರಾಕ್ಷಿ ತೋಟದ ನಡುವೆ ನಿಂತು, ನಾಲ್ಕೈದು ಬಗೆಯ ವೈನ್ ರುಚಿ ನೋಡಿ, ಎರಡು ಬಾಟಲಿ ಕೊಂಡು ಹೋಗುತ್ತಾರೆ.

ಎರಡೂ ಒಳ್ಳೆಯದೇ. ನಾನೂ ಎರಡನ್ನೂ ಮಾಡಿದ್ದೇನೆ. ಆದರೆ ಬೆಟ್ಟಕ್ಕೂ ವೈನರಿಗೂ ಮಧ್ಯೆ ಒಂದು ಇಡೀ ಸೀಮೆ ಇದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ. ಬೇಸಾಯ, ರೇಷ್ಮೆ, ಮಗ್ಗ, ಜಾತ್ರೆ, ಸಂತೆ ಎಲ್ಲ ಇರುವ ಸೀಮೆ. ಅದರ ಪಕ್ಕದಲ್ಲೇ ಹಾದು ಹೋಗುತ್ತೇವೆ, ನಿಲ್ಲುವುದಿಲ್ಲ. ನಿಂತರೆ ಏನು ಸಿಗುತ್ತದೆ ಅನ್ನುವುದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅನ್ನಿಸುತ್ತಿತ್ತು.

ವೈನ್‌ನಿಂದಲೇ ಶುರು ಮಾಡುತ್ತೇನೆ, ಜಾಸ್ತಿ ಜನ ಅದಕ್ಕೇ ಬರುವುದರಿಂದ.

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿ ರಘುನಾಥಪುರ ಅಂತ ಒಂದು ಊರು. ಗ್ರೋವರ್ ಝಾಂಪಾ ವೈನರಿ ಇರುವುದು ಅಲ್ಲೇ. ಕನ್ವಲ್ ಗ್ರೋವರ್ ಅನ್ನುವ ಉದ್ಯಮಿ ಫ್ರಾನ್ಸಿನ ಷಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್ ಅವರ ಜೊತೆ ಸೇರಿ ದೇಶದ ಬೇರೆ ಬೇರೆ ಕಡೆ ಮಣ್ಣು, ಹವೆ ನೋಡಿ, ಕೊನೆಗೆ ಈ ಜಾಗ ಆರಿಸಿಕೊಂಡರು. 1988ರಲ್ಲಿ ಇಲ್ಲಿ ಕೆಲಸ ಶುರುವಾಯಿತು. ಆಮೇಲೆ ಫ್ರಾನ್ಸಿನದೇ ಇನ್ನೊಂದು ವೈನ್ ಸೀಮೆಯಾದ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. 2012ರಲ್ಲಿ ನಾಸಿಕ್ ಕಡೆಯ ಝಾಂಪಾ ಜೊತೆ ಕಂಪನಿ ಒಂದಾಯಿತು.

ಇಲ್ಲೇ ಯಾಕೆ? ಕಾರಣ ಎತ್ತರ. ನಾವಿರುವುದು ಉಷ್ಣವಲಯದಲ್ಲಿ. ವೈನ್ ದ್ರಾಕ್ಷಿ ತಂಪು ದೇಶಗಳ ಬೆಳೆ. ಆದರೆ ಈ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಮೇಲಿದೆ. ಹಗಲು ಚೆನ್ನಾಗಿ ಬಿಸಿಲು ಬಿದ್ದರೂ ರಾತ್ರಿ ತಂಪಾಗುತ್ತದೆ. ಹಗಲಿನ ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಕೂಡುತ್ತದೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತದೆ. ಎರಡೂ ಇಲ್ಲದಿದ್ದರೆ ವೈನ್‌ಗೆ ರುಚಿ ಇಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿದ್ದು. ಯುರೋಪಿನಲ್ಲಿ ಚಳಿಗಾಲಕ್ಕೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಬಳ್ಳಿ ಮಲಗುವುದೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಕತ್ತರಿಸಿ ಸವರುತ್ತಾರೆ. ಬೇಸಿಗೆಯಲ್ಲಿ, ಏಪ್ರಿಲ್ ಹೊತ್ತಿಗೆ ಒಂದು ಸಲ. ಅದು ಕಡ್ಡಿ ಬಲಿಯಲಿ ಅಂತ. ಮಳೆ ಹಿಂದೆ ಸರಿಯುವ ಸಮಯಕ್ಕೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು ಸಲ. ಅದು ಹಣ್ಣಿಗಾಗಿ. ಎರಡು ಸಲ ಸವರಿದರೂ ಕೊಯ್ಲು ಮಾತ್ರ ಒಂದೇ, ಫೆಬ್ರವರಿ-ಮಾರ್ಚ್ ಸುಮಾರಿಗೆ. ಆಗ ಹೋದರೆ ಸಾಲು ಸಾಲಾಗಿ ಕಟ್ಟಿದ ಬಳ್ಳಿಗಳಲ್ಲಿ ಸಣ್ಣ ಸಣ್ಣ ಕಾಳಿನ ಗೊಂಚಲು ಕಾಣುತ್ತದೆ. ವೈನ್ ದ್ರಾಕ್ಷಿ ತಿನ್ನುವ ದ್ರಾಕ್ಷಿಯಷ್ಟು ದಪ್ಪ ಇರುವುದಿಲ್ಲ. ಸಿಪ್ಪೆ ದಪ್ಪ, ಬೀಜ ಜಾಸ್ತಿ. ನೀರು ಜಾಸ್ತಿ ಕೊಟ್ಟರೆ ಕಾಳು ಉಬ್ಬಿ ರಸ ತೆಳುವಾಗುತ್ತದೆ. ಅದಕ್ಕೇ ಹನಿ ನೀರಾವರಿಯಲ್ಲೂ ಅಳೆದು ಕೊಡುತ್ತಾರೆ.

ಒಳಗೆ ಸ್ಟೀಲ್ ಟ್ಯಾಂಕುಗಳು, ನೆಲಮಾಳಿಗೆಯಲ್ಲಿ ಓಕ್ ಮರದ ಪೀಪಾಯಿಗಳು, ರುಚಿ ನೋಡುವ ಕೋಣೆ. ಇದನ್ನೆಲ್ಲ ಟೂರ್‌ನವರೇ ಚೆನ್ನಾಗಿ ಹೇಳುತ್ತಾರೆ, ನಾನು ಬೆಳೆಸುವುದಿಲ್ಲ. ಒಂದು ಮಾತು ಮಾತ್ರ ಕೇಳಿಸಿಕೊಳ್ಳಿ. ಕೆಂಪು ವೈನ್‌ಗೆ ಬಣ್ಣ ಬರುವುದು ಸಿಪ್ಪೆಯಿಂದ, ರಸದಿಂದಲ್ಲ. ಬಹಳಷ್ಟು ಕಪ್ಪು ದ್ರಾಕ್ಷಿಗಳ ರಸವೂ ಬೆಳ್ಳಗೇ ಇರುತ್ತದೆ. ಸಿಪ್ಪೆಯ ಜೊತೆ ಎಷ್ಟು ದಿನ ಬಿಡುತ್ತಾರೆ ಅನ್ನುವುದರ ಮೇಲೆ ಬಣ್ಣ, ಒಗರು ಎರಡೂ ನಿಂತಿದೆ. ಇದು ಗೊತ್ತಿದ್ದರೆ ಗ್ಲಾಸು ಕೈಗೆ ಬಂದಾಗ ನೋಡುವ ರೀತಿಯೇ ಬೇರೆಯಾಗುತ್ತದೆ.

ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ವೈನ್ ಬೆಳೆದರೆ ದ್ರಾಕ್ಷಿ ಬೆಳೆಗಾರ ಬೆಳೆಯುತ್ತಾನೆ ಅನ್ನುವುದು ಅದರ ಹಿಂದಿನ ಲೆಕ್ಕ. ದ್ರಾಕ್ಷಾರಸ ಮಂಡಳಿಯೂ ಬಂತು. ಈಗ ಚನ್ನಪಟ್ಟಣದ ಹತ್ತಿರ ಹೆರಿಟೇಜ್ ವೈನರಿ ಇದೆ, ಹಂಪಿ ಕಡೆ ಕೃಷ್ಮಾ ಇದೆ. ನಂದಿ ಸೀಮೆಯಲ್ಲೇ ಒಂದಕ್ಕಿಂತ ಹೆಚ್ಚು ವೈನರಿಗಳಿವೆ. ಆದರೆ ಬೆಳೆಗಾರನ ಲೆಕ್ಕ ತಿಳಿಯಬೇಕಾದರೆ ವೈನರಿಯ ಗೇಟು ದಾಟಿ ಹೊರಗೆ ಬರಬೇಕು.

ಹೊರಗೆ ಬಂದರೆ ಕಾಣುವುದು ಬೇರೆಯೇ ದ್ರಾಕ್ಷಿ. ಇದು ಸಾಲಿನಲ್ಲಿ ಇರುವುದಿಲ್ಲ, ಚಪ್ಪರದ ಮೇಲೆ ಇರುತ್ತದೆ. ಆಳೆತ್ತರದ ಕಲ್ಲು ಕಂಬಗಳು, ಅವುಗಳ ಮೇಲೆ ಬಲೆಯಂತೆ ಎಳೆದ ತಂತಿ, ತಂತಿಯ ಮೇಲೆ ಬಳ್ಳಿ. ಕೆಳಗೆ ಹೋಗಬೇಕಾದರೆ ಸ್ವಲ್ಪ ತಲೆ ಬಗ್ಗಿಸಬೇಕು. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ಹಸಿರು ನೆರಳು. ಗೊಂಚಲುಗಳು ತಲೆಗೆ ತಾಗುವಷ್ಟು ಕೆಳಗೆ ಜೋತುಬಿದ್ದಿರುತ್ತವೆ. ಇದೇ ಬೆಂಗಳೂರು ನೀಲಿ ದ್ರಾಕ್ಷಿ, ಎಲ್ಲರ ಬಾಯಲ್ಲಿ ಬೆಂಗಳೂರು ಬ್ಲೂ.

ಇದರ ಮೂಲ ಅಮೆರಿಕದ ಲಬ್ರುಸ್ಕಾ ಜಾತಿ. ಬೆಂಗಳೂರಿನ ಸುತ್ತ ಇದು ಬಂದು ಸುಮಾರು ನೂರೈವತ್ತು ವರ್ಷ ಆಗಿದೆ ಅನ್ನುತ್ತಾರೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಮಣ್ಣಿಗೆ ಎಷ್ಟು ಹೊಂದಿಕೊಂಡಿದೆ ಅಂದರೆ 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಗಟ್ಟಿ ಬಳ್ಳಿ. ರೋಗ ಕಡಿಮೆ. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ.

ತಿನ್ನುವುದಕ್ಕೆ ಒಂದು ಕ್ರಮ ಇದೆ. ಬೀಜವಿಲ್ಲದ ದ್ರಾಕ್ಷಿಯ ಹಾಗೆ ಇಡಿಯಾಗಿ ಬಾಯಿಗೆ ಹಾಕಿಕೊಂಡು ಅಗಿಯಬಾರದು. ಕಾಳನ್ನು ತುಟಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ತಿರುಳು ಗುಳಕ್ಕನೆ ಬಾಯಿಗೆ ಜಾರುತ್ತದೆ. ತಿರುಳು ಸಿಹಿ, ಬೀಜದ ಸುತ್ತ ಹುಳಿ. ಆಮೇಲೆ ಸಿಪ್ಪೆಯನ್ನೂ ಒಂದು ಸಲ ಹಲ್ಲಲ್ಲಿ ಒತ್ತಿ ನೋಡಿ. ಆ ಗಾಢವಾದ ಪರಿಮಳ ಇರುವುದು ಅಲ್ಲೇ. ಮಕ್ಕಳಾಗಿದ್ದಾಗ ಕುಡಿದ ದ್ರಾಕ್ಷಿ ಜ್ಯೂಸಿನ ವಾಸನೆ, ದ್ರಾಕ್ಷಿ ಫ್ಲೇವರ್ ಅಂತ ನಮ್ಮ ತಲೆಯಲ್ಲಿ ಕೂತಿರುವ ವಾಸನೆ, ಎಲ್ಲ ಇದೇ. ಬೆರಳು ನೀಲಿಯಾಗುತ್ತದೆ. ಆಗಲಿ ಬಿಡಿ.

ಚಪ್ಪರದ ಕೆಳಗೆ ಸಿಕ್ಕ ಒಬ್ಬ ರೈತರನ್ನು ಕೇಳಿದೆ, "ಅಣ್ಣಾ, ನೀವು ವೈನ್ ಫ್ಯಾಕ್ಟರಿಗೆ ಕೊಡಲ್ವಾ?"

"ನಮ್ ಹಣ್ಣು ಅವ್ರಿಗೆ ಆಗಲ್ಲ ಮೇಡಂ," ಅಂದರು. "ಅವ್ರುದು ಫಾರಿನ್ ತಳಿ. ನಮ್ದು ಮಾರ್ಕೆಟ್‌ಗೆ ಹೋಗತ್ತೆ, ಜ್ಯೂಸ್‌ನೋರು ತಗೋತಾರೆ. ವ್ಯಾಪಾರಿ ತೋಟಕ್ಕೇ ಬಂದು ರೇಟು ಕಟ್ತಾನೆ. ಮೋಡ ಆಯ್ತು ಅಂದ್ರೆ ಅವ್ನು ರೇಟು ಇಳಿಸ್ತಾನೆ, ನಾವು ಕೊಡ್ಲೇಬೇಕು. ಹಣ್ಣು ಕಾಯಲ್ವಲ್ಲ."

ಹಣ್ಣು ಕಾಯುವುದಿಲ್ಲ. ಇದೇ ಇಡೀ ಕಷ್ಟ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಚಿಕ್ಕಬಳ್ಳಾಪುರ ಸೀಮೆಯ ದ್ರಾಕ್ಷಿ ಕೊಯ್ಲಿಗೆ ಬಂದು ನಿಂತಿತ್ತು. ಲಾರಿ ಇಲ್ಲ, ಮಾರುಕಟ್ಟೆ ಇಲ್ಲ. ಎಷ್ಟೋ ಜನ ಕೊಯ್ದು ತಿಪ್ಪೆಗೆ ಸುರಿದರು. ವೈನ್ ಬಾಟಲಿ ವರ್ಷಗಟ್ಟಲೆ ಇಟ್ಟರೂ ಬೆಲೆ ಬರುತ್ತದೆ. ಅದೇ ಬೇಲಿಯ ಆಚೆ ಇರುವ ಹಣ್ಣಿಗೆ ಕೆಲವೇ ದಿನ. ಒಂದೇ ಬಿಸಿಲು, ಒಂದೇ ಮಣ್ಣು. ಪ್ರವಾಸಿಗಳ ದುಡ್ಡು ಮಾತ್ರ ಬೇಲಿಯ ಒಂದೇ ಕಡೆ ಬೀಳುತ್ತದೆ. ಇದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಸರಿಮಾಡುವ ಕೆಲಸದಲ್ಲಿ ಒಂದು ಚೂರು ನಮ್ಮ ಕೈಯಲ್ಲೂ ಇದೆ. ರಸ್ತೆ ಬದಿಯಲ್ಲಿ ಪೆಟ್ಟಿಗೆ ಇಟ್ಟು ಕೂತವರ ಹತ್ತಿರ ಕೊಂಡರೆ ಆಯಿತು. ಚೌಕಾಸಿ ಮಾಡಬೇಡಿ. ಬೆಂಗಳೂರಿಗೆ ವಾಪಸ್ ಬಂದರೂ ಇದೇ ಹಣ್ಣು ಸಿಗುತ್ತದೆ. ಹಾಪ್‌ಕಾಮ್ಸ್‌ನವರು ಬೇಸಿಗೆ ಶುರುವಿನಲ್ಲಿ ನಡೆಸುವ ದ್ರಾಕ್ಷಿ-ಕಲ್ಲಂಗಡಿ ಮೇಳದಲ್ಲಿ ನೋಡಿ. ಬೆಂಗಳೂರಿನ ಎಷ್ಟೋ ಕ್ರಿಶ್ಚಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಭರಣಿಯಲ್ಲಿ ಹಾಕುವ ವೈನೂ ಈ ನೀಲಿ ದ್ರಾಕ್ಷಿಯದೇ. ಫಾರಿನ್ ತಳಿ ನೆಚ್ಚಿಕೊಂಡ ವೈನರಿಗಳು ಬೇಡ ಅಂದ ಹಣ್ಣು ಮನೆ ಮನೆಯಲ್ಲಿ ವೈನ್ ಆಗುತ್ತಿದೆ, ತಲೆಮಾರುಗಳಿಂದ.

ಅದೇ ತೋಟದಲ್ಲಿ ಕಲ್ಲು ಕಂಬಗಳ ಮೇಲೆ ತಿಳಿ ನೀಲಿ ಕಲೆಗಳನ್ನು ನೋಡಿದೆ. ಎಲೆಗಳ ಮೇಲೂ ಸಿಡಿದಿತ್ತು. ನನ್ನ ತವರು ಮಲೆನಾಡು. ಆ ನೀಲಿಯನ್ನು ನಾನು ಎಲ್ಲಿ ನೋಡಿದರೂ ಗುರುತು ಹಿಡಿಯುತ್ತೇನೆ. ಮಳೆಗಾಲ ಹಿಡಿಯುವ ಮೊದಲು ಅಡಿಕೆ ಕೊನೆಗಳಿಗೆ, ಅಂದರೆ ಗೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ, ನೀರು. ಇದರ ಹುಟ್ಟು ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ಅಲ್ಲಿನವರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ-ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬಂದಿರಲಿಲ್ಲ. ಮಿಲಾರ್ಡೆ ಅನ್ನುವ ಪ್ರೊಫೆಸರ್ ಅದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಮದ್ದಾಗಿ ತಂದರು. ನಮ್ಮಪ್ಪ ಪ್ರತಿ ವರ್ಷ ಅಡಿಕೆ ಕೊನೆಗಳಿಗೆ ಹೊಡೆಸುತ್ತಿದ್ದ ಔಷಧಿಯ ಮೂಲ ವೈನ್ ಸೀಮೆ ಅಂತ ಗೊತ್ತಾದಾಗ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಅಲ್ಲೇ ನಿಂತು ಆ ರೈತರಿಗೂ ಇದನ್ನೆಲ್ಲ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಆಚೆ ತೋಟದೋರಿಗೆ ಹೇಳ್ದೆ ನಾವು ಏನೂ ಹೊಡೆಯಲ್ಲ, ಹುಳ ಸಾಯ್ತವೆ" ಅಂದರು.

ಆಚೆ ತೋಟದಲ್ಲಿ ಹಿಪ್ಪುನೇರಳೆ ಇತ್ತು. ಈ ಸೀಮೆಯ ಇನ್ನೊಂದು ಜೀವ ರೇಷ್ಮೆ. ದ್ರಾಕ್ಷಿಗೆ ಹೊಡೆದ ಕೀಟನಾಶಕ ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳ ಉಳಿಯುವುದಿಲ್ಲ. ಒಂದು ಬೆಳೆಯೇ ಹೋಗಬಹುದು. ಹಾಗಾಗಿ ನೆರೆಹೊರೆಯವರು ಒಬ್ಬರನ್ನೊಬ್ಬರು ಕೇಳಿಕೊಂಡೇ ಔಷಧಿ ಹೊಡೆಯುತ್ತಾರೆ. ಯಾವ ಟೂರ್ ಗೈಡೂ ಇದನ್ನು ಹೇಳುವುದಿಲ್ಲ. ಆದರೆ ಈ ಊರುಗಳು ನಡೆಯುತ್ತಿರುವುದೇ ಇಂಥ ಒಪ್ಪಂದಗಳ ಮೇಲೆ.

ಅಲ್ಲಿಂದ ಶಿಡ್ಲಘಟ್ಟಕ್ಕೆ ಹೋಗಿ. ದಾರಿಯ ಹಳ್ಳಿಗಳಲ್ಲಿ ಮನೆ ಗೋಡೆಗೆ ಒರಗಿಸಿಟ್ಟ ಬಿದಿರಿನ ಚಂದ್ರಿಕೆಗಳು ಕಾಣುತ್ತವೆ. ಸುತ್ತು ಸುತ್ತಾಗಿ ಹೆಣೆದ ದೊಡ್ಡ ತಟ್ಟೆಗಳು, ಹಣ್ಣಾದ, ಅಂದರೆ ಬಲಿತ ರೇಷ್ಮೆ ಹುಳ ಗೂಡು ಕಟ್ಟುವುದು ಅದರಲ್ಲೇ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಬೆಳಿಗ್ಗೆ ಬೇಗ ಹೋಗಬೇಕು. ಹಳದಿ ಛಾಯೆಯ ಮಿಶ್ರತಳಿ ಗೂಡು, ಅಚ್ಚ ಬಿಳಿಯ ದ್ವಿತಳಿ ಗೂಡು, ರಾಶಿ ರಾಶಿ. ಕೊಳ್ಳುವವರು ಗೂಡನ್ನು ಕೈಗೆತ್ತಿಕೊಂಡು ಬೆರಳಲ್ಲಿ ಒತ್ತಿ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಹುಳ ಅಲ್ಲಾಡಿದರೆ ಶಬ್ದ ಬರುತ್ತದೆ. ಊರೊಳಗೆ ನೂಲು ಬಿಚ್ಚುವ ಮನೆಗಳಿವೆ. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎಳೆಗಳನ್ನು ಒಟ್ಟು ಸೇರಿಸಿ ಸುತ್ತುತ್ತಾರೆ. ವಾಸನೆ ಜೋರು. ಐದು ನಿಮಿಷ ತಡೆದುಕೊಂಡರೆ ಅಭ್ಯಾಸವಾಗುತ್ತದೆ. ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು ಕೆಲಸ ಮಾಡುವ ಹೆಂಗಸರ ಬೆರಳುಗಳನ್ನು ನೋಡಿದ ಮೇಲೆ ರೇಷ್ಮೆ ಸೀರೆಯ ಬೆಲೆ ಬಗ್ಗೆ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಒಳಗೆ ಹೋಗುವಾಗ ಕೇಳಿ ಹೋಗಿ, ಕೇಳದೆ ಫೋಟೋ ತೆಗೆಯಬೇಡಿ.

ಇತ್ತ ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಮಗ್ಗದ ಸದ್ದು. ಪವರ್‌ಲೂಮ್ ಸೀರೆಗಳ ಊರು ಅದು. ನೇಕಾರರ ಹತ್ತಿರವೇ ಸೀರೆ ಕೊಳ್ಳಬಹುದು.

ಇನ್ನು ದೇವಸ್ಥಾನಗಳು. ಬೆಟ್ಟಕ್ಕೆ ಬರುವವರಲ್ಲಿ ಅರ್ಧ ಜನವೂ ಬುಡದ ನಂದಿ ಗ್ರಾಮಕ್ಕೆ ಹೋಗುವುದಿಲ್ಲ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಭೋಗನಂದೀಶ್ವರ ದೇವಾಲಯದ ಹಳೆಯ ಶಾಸನಗಳು 9ನೇ ಶತಮಾನದ ಆರಂಭದವು, ನೊಳಂಬರ ಕಾಲದವು. ಆಮೇಲೆ ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಒಂದಿಷ್ಟು ಸೇರಿಸುತ್ತಾ ಬಂದರು. ಒಂದು ಕಡೆ ಅರುಣಾಚಲೇಶ್ವರ, ಇನ್ನೊಂದು ಕಡೆ ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಅನ್ನುತ್ತಾರೆ. ಅದಕ್ಕೇ ಮದುವೆಗಳು ನಡೆಯುವುದು ಕೆಳಗೆ, ಮೇಲೆ ಅಲ್ಲ.

ನಡುವಿನ ಕಲ್ಯಾಣ ಮಂಟಪದ ಹತ್ತಿರ ನಿಧಾನವಾಗಿ ನಿಲ್ಲಿ. ಕಪ್ಪು ಕಲ್ಲಿನ ಕಂಬಗಳು. ಒಂದು ಬೆರಳಗಲ ಜಾಗವನ್ನೂ ಖಾಲಿ ಬಿಡದೆ ಕೆತ್ತಿದ್ದಾರೆ. ಹಿಂದೆ ಶೃಂಗಿತೀರ್ಥ ಅನ್ನುವ ಕಲ್ಯಾಣಿ. ಪಿನಾಕಿನಿ ಹುಟ್ಟುವುದು ಇಲ್ಲೇ ಅನ್ನುವ ನಂಬಿಕೆ. ಅರ್ಕಾವತಿಯೂ ಈ ಬೆಟ್ಟದ ಮಗಳೇ. ಶಿವರಾತ್ರಿಗೆ ಇಲ್ಲಿ ದೊಡ್ಡ ಜಾತ್ರೆ. ದ್ರಾಕ್ಷಿ ಹಣ್ಣಾಗುವ ಕಾಲವೂ ಅದೇ.

ನದಿಗಳು ಹುಟ್ಟುವ ಜಾಗದಲ್ಲಿ ನೀರಿಲ್ಲ. ಇದು ಇಲ್ಲಿಯ ದೊಡ್ಡ ನೋವು. ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಒಂದು ಬೋರ್ ಹಾಕಿಸಿ ನೀರು ಬರದೇ ಹೋದರೆ ಒಂದು ಕುಟುಂಬ ವರ್ಷಗಟ್ಟಲೆ ಸಾಲದಲ್ಲಿ ಬೀಳುತ್ತದೆ. ಈಗ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿಯ ಕೆರೆಗಳಿಗೆ ಬಿಡುತ್ತಿದ್ದಾರೆ. ಕೆರೆ ತುಂಬಿದೆ ಅನ್ನುವ ಖುಷಿ ಒಂದು ಕಡೆ, ಆ ನೀರು ಇನ್ನೂ ಚೆನ್ನಾಗಿ ಶುದ್ಧವಾಗಬೇಕು ಅನ್ನುವ ಒತ್ತಾಯ ಇನ್ನೊಂದು ಕಡೆ. ಇಂಥ ಕಡೆ ಬೆಳೆದ ಗೊಂಚಲು ಅದು. ತಿನ್ನುವಾಗ ನೆನಪಿರಲಿ.

ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವುದಾದರೆ ಡಿಸೆಂಬರ್-ಜನವರಿಯ ದನದ ಜಾತ್ರೆಯ ಸಮಯಕ್ಕೆ ಹೋಗಿ. ಒಂದೇ ಮೂರ್ತಿಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಇಬ್ಬರ ದರ್ಶನವೂ ಆಗಲಿ ಅಂತ ಹಿಂದೆ ಕನ್ನಡಿ ಇಟ್ಟಿದ್ದಾರೆ. ಅದೇ ಹೊತ್ತಿಗೆ ಅವರೆಕಾಯಿಯ ಕಾಲ. ಈ ಕಡೆಯ ಹೋಟೆಲಿನಲ್ಲಿ ರಾಗಿ ಮುದ್ದೆ, ಹಿದುಕಿದ ಬೇಳೆ ಸಾರು ಸಿಕ್ಕರೆ ಬೇರೆ ಏನನ್ನೂ ಕೇಳಬೇಡಿ. ವೈನರಿಯ ತಟ್ಟೆಯಲ್ಲೂ ಚೀಸ್ ಬಿಸ್ಕತ್ತಿನ ಬದಲು ಇಲ್ಲಿಯ ಊಟ ಬರಬೇಕು ಅನ್ನುವುದು ನನ್ನ ಆಸೆ. ನಾಟಿಕೋಳಿ ಸಾರಿನ ಖಾರಕ್ಕೆ ಶಿರಾಜ್ ದ್ರಾಕ್ಷಿಯ ಕೆಂಪು ವೈನ್ ಚೆನ್ನಾಗಿಯೇ ನಿಲ್ಲುತ್ತದೆ.

ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಈಗ ವಸ್ತುಸಂಗ್ರಹಾಲಯ. ಚಿಕ್ಕ ಮನೆ, ಮಕ್ಕಳನ್ನು ಕರೆದುಕೊಂಡು ಹೋಗಿ. ದೇವನಹಳ್ಳಿಯಲ್ಲಿ ಕೋಟೆ ಇದೆ. ಟಿಪ್ಪು ಹುಟ್ಟಿದ ಊರು ಅದು. ಅಲ್ಲಿಯ ಚಕ್ಕೋತಕ್ಕೂ ಜಿಐ ಟ್ಯಾಗ್ ಇದೆ. ಚಕ್ಕೋತ ಅಂದರೆ ಕಹಿ ಅನ್ನುವವರು ದೇವನಹಳ್ಳಿಯ ಕೆಂಪು ತೊಳೆ ತಿಂದಿಲ್ಲ ಅಂತಲೇ ಅರ್ಥ. ಆದರೆ ಮರಗಳು ಕಡಿಮೆಯಾಗಿವೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿ ಹಿತ್ತಲಿಗೂ ಚದರಡಿ ಲೆಕ್ಕ ಬಂತು.

ಭೂಮಿಯ ಮಾತು ಬಂದ ಮೇಲೆ ಚನ್ನರಾಯಪಟ್ಟಣದ ವಿಷಯ ಹೇಳಲೇಬೇಕು. ಹಾಸನದ್ದಲ್ಲ, ದೇವನಹಳ್ಳಿ ತಾಲ್ಲೂಕಿನ ಹೋಬಳಿ. ಅಲ್ಲಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಸರ್ಕಾರ ಹೊರಟಿತ್ತು. ರಾಗಿ, ದ್ರಾಕ್ಷಿ, ತರಕಾರಿ, ಹಿಪ್ಪುನೇರಳೆ ಬೆಳೆಯುವ ಭೂಮಿ. ರೈತರು 2022ರಲ್ಲಿ ಧರಣಿ ಕೂತರು. ಸಾವಿರ ದಿನ ದಾಟಿದರೂ ಏಳಲಿಲ್ಲ. ಕೊನೆಗೆ 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಆ ಸುದ್ದಿ ಬಂದ ದಿನ ನನಗೆ ನನ್ನ ಊರಿನ ತೋಟವೇ ಉಳಿದಷ್ಟು ಸಮಾಧಾನ. ಹಾಗಂತ ಎಲ್ಲ ಮುಗಿಯಲಿಲ್ಲ. ಬೆಲೆ ಏರುತ್ತಲೇ ಇದೆ, ಮಾರಿಬಿಡೋಣ ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ನಡೆಯುತ್ತಲೇ ಇದೆ. ಬೆಳೆಯಲ್ಲಿ ಬದುಕು ಸಾಗಿದರೆ ಮಾತ್ರ ಚಪ್ಪರ ನಿಲ್ಲುತ್ತದೆ. ಕಲ್ಲು ಕಂಬ ಕಿತ್ತು ಲೇಔಟ್ ಮಾಡಿದ ಜಾಗಗಳನ್ನೂ ನೋಡಿದ್ದೇನೆ. ಕಂಬಗಳನ್ನು ಸಾಲಾಗಿ ಮಲಗಿಸಿ ಮಾರಾಟಕ್ಕೆ ಇಟ್ಟಿರುತ್ತಾರೆ.

ಹೋಗುವವರಿಗೆ ಎರಡು ಮಾತು. ವೈನರಿಗೆ ಮೊದಲೇ ಫೋನ್ ಮಾಡಿ ಜಾಗ ಕಾದಿರಿಸಿ. ರುಚಿ ನೋಡಿದ ಮೇಲೆ ಗಾಡಿ ಓಡಿಸುವುದಕ್ಕೆ ಕುಡಿಯದವರು ಒಬ್ಬರು ಜೊತೆಗಿರಲಿ. ಶನಿವಾರ-ಭಾನುವಾರ ಬಿಟ್ಟು ವಾರದ ದಿನ ಹೋದರೆ ಜನರ ಜೊತೆ ಮಾತಾಡಲು ಆಗುತ್ತದೆ, ಅವರಿಗೂ ಪುರುಸೊತ್ತು ಇರುತ್ತದೆ. ಬೆಳಿಗ್ಗೆ ಶಿಡ್ಲಘಟ್ಟ, ಬಿಸಿಲೇರುವ ಹೊತ್ತಿಗೆ ಭೋಗನಂದೀಶ್ವರ, ಊಟ ಆದ ಮೇಲೆ ವೈನರಿ. ದ್ರಾಕ್ಷಿ ಕೊಳ್ಳುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮನೆಯಿಂದಲೇ ರಟ್ಟಿನ ಪೆಟ್ಟಿಗೆ ತಂದಿರಿ. ನೀಲಿ ದ್ರಾಕ್ಷಿಯನ್ನು ಕವರಿನಲ್ಲಿ ತಂದರೆ ಹೆಬ್ಬಾಳ ಫ್ಲೈಓವರ್ ದಾಟುವಷ್ಟರಲ್ಲಿ ಅರ್ಧ ರಸವಾಗಿರುತ್ತದೆ.